ಹೃದ್ರೋಗದ ಮಗುವಿನ ಹುಳುಕು ಹಲ್ಲು: ಗದಗದಲ್ಲೇ ಕೀಳಿಸೋದಾ, ಸತ್ತೂರಿಗೆ ಹೋಗೋದಾ?

ಅಕ್ಕನ ಮಗಳಿಗೆ ಟೆಟ್ರಾಲಜಿ ಆಫ್ ಫಾಲೋ, ಅಂದರೆ ಹುಟ್ಟಿನಿಂದಲೇ ಬಂದ ಹೃದಯದ ದೋಷ, ರಕ್ತಕ್ಕೆ ಆಮ್ಲಜನಕ ಸಾಲದು. ಅತ್ತರೆ ಸಾಕು, ತುಟಿ ನೇರಳೆ ಹಣ್ಣು ತಿಂದ ಹಾಗೆ. ದವಡೆ ಹಲ್ಲು ಹುಳುಕಾಗಿತ್ತು, ಕೀಳಿಸಲೇಬೇಕಿತ್ತು.

ಗದಗದಲ್ಲಿ ಮನೆ ಹತ್ತಿರವೇ ಕ್ಲಿನಿಕ್. ಹತ್ತು ನಿಮಿಷದ ಕೆಲಸ, ಖರ್ಚೂ ಕಡಿಮೆ. ಮಾಮೂಲಿ ಮಗುವಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಇಂಥ ಮಕ್ಕಳ ರಕ್ತದಲ್ಲಿ ಕೆಂಪು ಕಣ ಜಾಸ್ತಿ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಷ್ಟೋ ಸಲ ಕಡಿಮೆ, ಇದ್ದವೂ ಸರಿಯಾಗಿ ಕೆಲಸ ಮಾಡುವುದಿಲ್ಲ. ರಕ್ತ ಮಂದ, ಆದರೂ ಗಾಯವಾದರೆ ಬೇಗ ನಿಲ್ಲುವುದಿಲ್ಲ. ವಿಚಿತ್ರ ಅಲ್ವಾ?

ಧಾರವಾಡದ ಸತ್ತೂರಿನ ಎಸ್‌ಡಿಎಂನಲ್ಲಿ ದಂತ ಕಾಲೇಜು, ದೊಡ್ಡಾಸ್ಪತ್ರೆ ಎರಡೂ ಒಂದೇ ಕಡೆ. ಒಂದು ದಿನ ಹೋಗುತ್ತದೆ, ನಿಜ. ಆದರೆ ಇಂಥ ಕಡೆ ಮಾತ್ರ ಸಿಗುವ ಸೂಕ್ಷ್ಮಗಳಿವೆ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣದ ಪಾಲು) ಶೇ. 55 ದಾಟಿದರೆ ಪರೀಕ್ಷೆಯ ಟ್ಯೂಬಿನಲ್ಲಿ ಸಿಟ್ರೇಟ್, ಅಂದರೆ ರಕ್ತ ಹೆಪ್ಪುಗಟ್ಟದಂತೆ ಹಾಕುವ ದ್ರವ, ಕಡಿಮೆ ಹಾಕಬೇಕು. ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟೋದು ಇರುವುದಕ್ಕಿಂತ ತಡ ಅಂತ ರಿಪೋರ್ಟ್ ಬರುತ್ತದೆ, ಸುಮ್ನೆ ಗಾಬರಿ. ಉಪವಾಸ ಇರಿಸಿದರೆ ಡ್ರಿಪ್ ಹಾಕುತ್ತಾರೆ, ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಇನ್ನೂ ಮಂದ. ಹೃದಯಕ್ಕೆ ಸೋಂಕು ತಗಲದಂತೆ ಆಂಟಿಬಯಾಟಿಕ್ ಅರ್ಧ-ಒಂದು ಗಂಟೆ ಮೊದಲೇ. ಕಿತ್ತ ಜಾಗಕ್ಕೆ ರಕ್ತ ನಿಲ್ಲಿಸುವ ಔಷಧಿ ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ಅದ್ದಿದ ಗಾಜ್ ಬಟ್ಟೆ.

ನನ್ನ ಓಟು ಸತ್ತೂರಿಗೆ. ತಾನಾಗಿ ಅಲ್ಲಾಡಿ ಬೀಳುವ ಹಾಲು ಹಲ್ಲಿಗೆ ಮಾತ್ರ ಅಷ್ಟು ದೂರ ಬೇಡ. ಗಾಜ್ ಕಚ್ಚಿಸಿ ಕೂರಿಸಿ, ನಿಲ್ಲದಿದ್ದರೆ ಹೊರಡಿ. ನೋವಿಗೆ ಪ್ಯಾರಾಸಿಟಮಾಲ್ ಕೊಡಿ; ಐಬುಪ್ರೊಫೆನ್ ಬೇಡ. ಶಂಟ್ (ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹೋಗಲು ಕೂರಿಸುವ ಕೊಳವೆ) ಆಪರೇಷನ್ ಆಗಿ ಆಸ್ಪಿರಿನ್ ನಡೆಯುತ್ತಿದ್ದರೆ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.