ಎರಡು ಜೊತೆ ವೈರ್ ಇದ್ದ ಮಾತ್ರಕ್ಕೆ ಆ ಚಾರ್ಜರ್ ನಿಮ್ಮ ದೋಣಿಗೆ ಆಗಲ್ಲ, ಹುಷಾರು

ದೋಣಿಯಲ್ಲೇ ಕೂರಿಸುವ ಬ್ಯಾಟರಿ ಚಾರ್ಜರ್ ಕೊಳ್ಳೋ ಯೋಚನೆ ಇದ್ದರೆ ಇದನ್ನು ಓದಿ ಆಮೇಲೆ ಅಂಗಡಿಗೆ ಹೋಗಿ. ಅದರಲ್ಲೂ 24 ವೋಲ್ಟಿನ ಟ್ರೋಲಿಂಗ್ ಮೋಟರ್ (ದೋಣಿಯನ್ನು ನಿಧಾನಕ್ಕೆ ಓಡಿಸುವ, ಬ್ಯಾಟರಿಯ ಸಣ್ಣ ಮೋಟರ್) ಇಟ್ಟುಕೊಂಡವರು. ನನ್ನ ದೋಣಿಗೆ ಬೆಂಕಿ ಹತ್ತಲಿಲ್ಲ, ಅಷ್ಟೇ ಪುಣ್ಯ.

ನನ್ನದು ಸಣ್ಣ ಮೀನುಗಾರಿಕೆ ದೋಣಿ. ಮೋಟರ್‌ಗೆ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿವೆ, ಅಂದರೆ ಮೊದಲನೆಯದರ ಪ್ಲಸ್‌ನಿಂದ ಎರಡನೆಯದರ ಮೈನಸ್‌ಗೆ ಒಂದು ದಪ್ಪ ಕೇಬಲ್. ಇದನ್ನೆಲ್ಲ ಅಂಗಡಿಯವರಿಗೆ ಬಿಡಿಸಿ ಹೇಳಿದ್ದೆ. "ಎರಡು ಬ್ಯಾಟರಿ ತಾನೇ ಸರ್, ಇದರಲ್ಲಿ ಎರಡು ಔಟ್‌ಪುಟ್ ಇದೆ, ಕಣ್ಣು ಮುಚ್ಚಿಕೊಂಡು ಹಾಕಿ" ಅಂದರು. ಡಬ್ಬದ ಮೇಲೂ ಡ್ಯುಯಲ್ ಬ್ಯಾಂಕ್ (ಅಂದರೆ ಎರಡು ಬ್ಯಾಟರಿಗೆ ಎರಡು ಔಟ್‌ಪುಟ್), 20 ಆಂಪ್, ವಾಟರ್‌ಪ್ರೂಫ್, ಎಲ್ಲ ಥರದ ಬ್ಯಾಟರಿಗೂ ಆಗುತ್ತೆ ಅಂತ ದೊಡ್ಡಕ್ಷರದಲ್ಲಿ ಅಚ್ಚಾಗಿತ್ತು.

ಮೊದಲ ಬ್ಯಾಟರಿಗೆ ಕೆಂಪು, ಕಪ್ಪು ಎರಡೂ ವೈರ್ ಬಿಗಿ ಮಾಡಿದೆ. ಎರಡನೆಯದಕ್ಕೆ ಕೆಂಪು ಹಾಕಿದೆ. ಕೊನೆಗೆ ಕಪ್ಪು ವೈರಿನ ಲಗ್ ಅನ್ನು, ಅಂದರೆ ತುದಿಯ ಲೋಹದ ಬಳೆಯನ್ನು, ಟರ್ಮಿನಲ್‌ಗೆ ಮುಟ್ಟಿಸಿದ್ದೇ ತಡ, ಚಟ್ ಅಂತ ಕಿಡಿ. ಚಾರ್ಜರ್ ಜೋಡಿಸುವಾಗ ಚಿಕ್ಕ ಕಿಡಿ ಬರೋದು ಉಂಟು, ಅದಕ್ಕೆ ಯಾರೂ ಹೆದರಲ್ಲ. ಇದು ಹಾಗಿರಲಿಲ್ಲ. ಲಗ್ ಟರ್ಮಿನಲ್‌ಗೆ ಅಂಟಿಕೊಂಡಿತು, ಕಪ್ಪು ವೈರಿನ ಮೇಲಿನ ಪ್ಲಾಸ್ಟಿಕ್ ನೋಡ್ತಾ ಇದ್ದ ಹಾಗೇ ಮೆತ್ತಗಾಗಿ ಜೋತುಬಿತ್ತು, ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಹಿಡಿಗೆ ರಬ್ಬರ್ ಇದ್ದ ಇಕ್ಕಳದಿಂದ ಎಳೆದು ಬಿಡಿಸಿದೆ. ತಮಾಷೆ ಅಂದರೆ, ಚಾರ್ಜರಿನ ಪ್ಲಗ್ ಇನ್ನೂ ಸಾಕೆಟ್‌ಗೆ ಹೋಗಿಯೇ ಇರಲಿಲ್ಲ!

ಆಗಿದ್ದು ಇಷ್ಟು. ಆ ಚಾರ್ಜರಿನ ಎರಡೂ ಕಪ್ಪು ವೈರ್ ಒಳಗಡೆ ಒಂದೇ ಕಡೆ ಸೇರಿಕೊಂಡಿದ್ದವು. ಸೀರೀಸ್‌ನಲ್ಲಿ ಎರಡನೇ ಬ್ಯಾಟರಿಯ ಮೈನಸ್ ಅಂದರೆ ಮೊದಲನೇ ಬ್ಯಾಟರಿಯ ಪ್ಲಸ್ ಅಲ್ವಾ? ಹಾಗಾಗಿ ಮೊದಲನೇ ಬ್ಯಾಟರಿಯ ಪ್ಲಸ್ಸು ಮೈನಸ್ಸು ಚಾರ್ಜರ್ ಮೂಲಕ ನೇರ ಶಾರ್ಟ್ ಆದವು. ವೈರಿನಲ್ಲಿ ಫ್ಯೂಸ್ ಇರಲಿಲ್ವಾ ಅಂತ ಕೇಳಬಹುದು. ಇತ್ತು, ಆದರೆ ಕೆಂಪು ವೈರಿನಲ್ಲಿ ಮಾತ್ರ. ಕರೆಂಟ್ ಹರಿದದ್ದು ಕಪ್ಪಿನಿಂದ ಕಪ್ಪಿಗೆ, ಆ ಫ್ಯೂಸ್‌ಗೆ ಏನೂ ಗೊತ್ತೇ ಆಗಲಿಲ್ಲ. ಅದೇ ಹೊತ್ತಿಗೆ ಬ್ಯಾಟರಿ ಚಾರ್ಜ್ ಆಗಿ ಮುಗಿದು, ಮುಚ್ಚಳ ಹಾಕಿದ ಜಾಗದಲ್ಲಿ ಹೈಡ್ರೋಜನ್ ತುಂಬಿದ್ದರೆ ಕಥೆಯೇ ಬೇರೆ. ಗಾಳಿಯಲ್ಲಿ 4% ಹೈಡ್ರೋಜನ್ ಸೇರಿದರೂ ಒಂದು ಕಿಡಿ ಸಾಕು.

ಅಂಗಡಿಗೆ ಹೋದರೆ "ನೀವು ಸೀರೀಸ್ ಕೇಬಲ್ ಬಿಚ್ಚಿ ಹಾಕಬೇಕಿತ್ತು" ಅಂದುಬಿಟ್ಟರು. ಕೊಳ್ಳುವಾಗ ಯಾಕೆ ಹೇಳಲಿಲ್ಲ ಅಂದಿದ್ದಕ್ಕೆ ಉತ್ತರ ಇಲ್ಲ. ಜೊತೆಗೆ ಬಂದ ಕಾಗದದಲ್ಲಿ ಬೇರೆ ಬೇರೆ ನಿಂತ ಎರಡು ಬ್ಯಾಟರಿಯ ಚಿತ್ರ ಬಿಟ್ಟರೆ ಸೀರೀಸ್ ಅನ್ನೋ ಮಾತೇ ಇರಲಿಲ್ಲ.

ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ್ದು ಎಷ್ಟು ಔಟ್‌ಪುಟ್ ಅಂತ ಅಲ್ಲ, ಔಟ್‌ಪುಟ್‌ಗಳು ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಪೂರ್ತಿ ಐಸೊಲೇಟೆಡ್ ಆಗಿವೆಯಾ ಅಂತ. ಬಾಯಿಮಾತು ನಂಬಬೇಡಿ, ಮಲ್ಟಿಮೀಟರ್ ತೆಗೆದುಕೊಂಡು ಹೋಗಿ. ಪ್ಲಗ್ ಹಾಕದೆ, ಯಾವ ಬ್ಯಾಟರಿಗೂ ಜೋಡಿಸದೆ, ಮೀಟರನ್ನು ಬೀಪ್ ಬರುವ ಸ್ಥಾನಕ್ಕೆ ತಿರುಗಿಸಿ ಎರಡು ಕಪ್ಪು ಲಗ್‌ಗಳಿಗೆ ಕಡ್ಡಿ ಮುಟ್ಟಿಸಿ. ಬೀಪ್ ಬಂತೋ, ಕಪ್ಪು ವೈರ್ ಎರಡೂ ಒಳಗೆ ಸೇರಿಕೊಂಡಿವೆ ಅಂತ ಅರ್ಥ, ಅಲ್ಲೇ ಇಟ್ಟು ಬನ್ನಿ. ಫ್ಯೂಸ್ ಕೆಂಪು, ಕಪ್ಪು ಎರಡರಲ್ಲೂ ಇದ್ದು, ಬ್ಯಾಟರಿಯ ತುದಿಗೆ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು.

ಇನ್ನು ಆ 20 ಆಂಪ್ ವಿಷಯ. ಅದು ಎರಡೂ ಸೇರಿ. ಒಂದೊಂದು ಬ್ಯಾಟರಿಗೆ ಸಿಗೋದು 10 ಮಾತ್ರ. ಇದನ್ನು ಮೋಸ ಅನ್ನೋಕೂ ಆಗಲ್ಲ, ಹಾಗೆ ಬರೆಯೋದು ಈ ವ್ಯಾಪಾರದಲ್ಲಿ ಮಾಮೂಲಿ, ಆದರೂ ಸಿಟ್ಟು ಬರುತ್ತೆ. ಮಾಮೂಲಿ ಲೆಡ್ ಆಸಿಡ್ ಬ್ಯಾಟರಿಗೆ ಅದರ ಆಂಪ್ ಅವರ್‌ನ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) 10ರಿಂದ 20% ಕರೆಂಟ್ ಬೇಕು, 100 ಆಂಪ್ ಅವರ್ ಇದ್ದರೆ 10ರಿಂದ 20 ಆಂಪ್. ಅರ್ಧ ಖಾಲಿಯಾದ ಅಂಥ ಬ್ಯಾಟರಿಗೆ 10 ಆಂಪ್ ಹೋದರೂ ಬರೀ ಲೆಕ್ಕಕ್ಕೆ 5 ಗಂಟೆ, ಮೇಲಿಂದ ಕೊನೆಯ ಭಾಗ ನಿಧಾನಕ್ಕೆ ತುಂಬುವುದರಿಂದ ಇನ್ನೂ ಕೆಲವು ಗಂಟೆ ಜಾಸ್ತಿ. ಡಬ್ಬದ ಮೇಲೆ 10 ಆಂಪ್ ಅಂತ ಇದ್ದು ಅದೂ ಇಬ್ಭಾಗ ಆಗುವ ಥರದ್ದಾದರೆ, ರಾತ್ರಿ ಹಾಕಿ ಬೆಳಿಗ್ಗೆ ಹೊರಡುವವರಿಗೆ ಅದು ಪ್ರಯೋಜನಕ್ಕೆ ಬರಲ್ಲ.

"ಎಲ್ಲ ಥರದ ಬ್ಯಾಟರಿಗೂ" ಅನ್ನೋದು ಇನ್ನೊಂದು ಬೊಗಳೆ. ಇದೇ ಮಾಡೆಲ್ ಒಬ್ಬ ಗೆಳೆಯರ ಹತ್ತಿರ ಇದೆ, ಅವರದು ಒಂಟಿ ಬ್ಯಾಟರಿ, ಶಾರ್ಟ್ ಆಗೋ ಪ್ರಶ್ನೆಯೇ ಇಲ್ಲ. ಆದರೆ ಬ್ಯಾಟರಿ ನೀರು ಪದೇ ಪದೇ ಇಳೀತಿತ್ತು. ಮೀಟರ್ ಇಟ್ಟು ನೋಡಿದರೆ ರಾತ್ರಿಯಿಡೀ ಬಿಟ್ಟ ಮೇಲೂ 14.6 ವೋಲ್ಟ್‌ನಲ್ಲೇ ನಿಂತಿತ್ತು. ತುಂಬಿದ ಮೇಲೆ ಒಳ್ಳೆ ಚಾರ್ಜರ್ ಸುಮಾರು 13.5ಕ್ಕೆ ಇಳಿದು ಅಲ್ಲಿ ನಿಲ್ಲಬೇಕು. ಇಳಿಯದಿದ್ದರೆ ಒಳಗಿನ ನೀರು ಗ್ಯಾಸಾಗಿ ಹೋಗ್ತಾ ಇರುತ್ತೆ, ಪ್ಲೇಟ್ ಒಣಗಿ ಬ್ಯಾಟರಿ ಸಾಯುತ್ತೆ. ಜೆಲ್ ಬ್ಯಾಟರಿಗಂತೂ 14.6 ಅನ್ನೋದೇ ಜಾಸ್ತಿ. ಲಿಥಿಯಂ ಇದ್ದರೆ ಅದಕ್ಕೆ ಅಂತಲೇ ಬೇರೆ ಮೋಡ್ ಇರಬೇಕು. ಬ್ಯಾಟರಿ ಯಾವುದು ಅಂತ ಆರಿಸುವ ಬಟನ್ನೇ ಇಲ್ಲದ ಚಾರ್ಜರ್ ಎಲ್ಲದಕ್ಕೂ ಆಗುತ್ತೆ ಅಂದರೆ ಸುಮ್ನೆ ನಂಬಬೇಡಿ.

ವಾಟರ್‌ಪ್ರೂಫ್ ಅನ್ನೋ ಪದವೂ ಅಷ್ಟೇ. ಐಪಿ67 ಅಂತ ಬರೆದಿದೆಯಾ ನೋಡಿ, 1 ಮೀಟರ್ ನೀರಲ್ಲಿ 30 ನಿಮಿಷ ಮುಳುಗಿಸಿದರೂ ತಡೆಯುತ್ತೆ ಅಂತ ಅದರ ಅರ್ಥ. ಉಪ್ಪುನೀರಿಗೆ ಲಗ್‌ಗಳು ಹಸಿರುಗಟ್ಟೋದನ್ನು ಅದೂ ತಡೆಯಲ್ಲ, ಆಗಾಗ ಉಜ್ಜಿ ಗ್ರೀಸ್ ಹಚ್ಚುತ್ತಿರಬೇಕು.

ಈಗಾಗಲೇ ಬೀಪ್ ಬರುವ ಚಾರ್ಜರ್ ಕೊಂಡು ಕೂತಿದ್ದರೆ, ಪ್ರತಿ ಸಲ ಬ್ಯಾಟರಿಗಳ ನಡುವಿನ ಸೀರೀಸ್ ಕೇಬಲ್ ಮೊದಲು ಬಿಚ್ಚಿ, ಆಮೇಲೆ ಚಾರ್ಜರಿನ ವೈರ್ ಹಾಕಿ. ಚಾರ್ಜ್ ಮುಗಿದ ಮೇಲೂ ಅಷ್ಟೇ, ಚಾರ್ಜರಿನ ವೈರ್ ಎಲ್ಲ ತೆಗೆದ ಮೇಲೇ ಸೀರೀಸ್ ಕೇಬಲ್ ವಾಪಸ್ ಹಾಕಿ. ಅಂಥದ್ದನ್ನು ದೋಣಿಯಲ್ಲಿ ಕಾಯಂ ಆಗಿ ಮಾತ್ರ ಕೂರಿಸಬೇಡಿ, ಯಾಕಂದ್ರೆ ನಿಮಗೆ ನೆನಪಿದ್ದರೂ ದೋಣಿಗೆ ಕೈ ಹಾಕುವ ಇನ್ನೊಬ್ಬರಿಗೆ ಅದು ಗೊತ್ತಿರಲ್ಲ.