ತೀನ್ ಕಂದೀಲ್ ಬಳಿಯ ವಾಚನಾಲಯದಲ್ಲಿ ಒಂದು ಕಡತ

ರಾಯಚೂರಿನ ತೀನ್ ಕಂದೀಲ್ ಸಮೀಪದ ಈ ಪುಟ್ಟ ವಾಚನಾಲಯದಲ್ಲಿ ಸಾರ್ವಜನಿಕ ವ್ಯಕ್ತಿಗಳ ಕುರಿತ ಪತ್ರಿಕಾ ತುಣುಕುಗಳನ್ನು ಕಡತ ಮಾಡಿ ಇಟ್ಟಿದ್ದಾರೆ. ನಾನು ಕೇಳಿದ್ದು ರಾಜೀವ್ ಚಂದ್ರಶೇಖರ್ ಅವರ ಕಡತವನ್ನು. ಕೆಂಪು ನಾಡೆಯಿಂದ ಬಿಗಿದ, ಅಂಚು ಹಳದಿಯಾದ ಆ ಕಟ್ಟು ಹತ್ತು ನಿಮಿಷದೊಳಗೆ ಮೇಜಿಗೆ ಬಂತು.

1994ರಲ್ಲಿ ಬಿಪಿಎಲ್ ಮೊಬೈಲ್ ಕಂಪನಿಯನ್ನು ಕಟ್ಟಿದ ಉದ್ಯಮಿ, 2006ರಲ್ಲಿ ಕರ್ನಾಟಕದಿಂದ ಪಕ್ಷೇತರರಾಗಿ ರಾಜ್ಯಸಭೆಗೆ ಹೋದದ್ದು, 2012 ಮತ್ತು 2018ರಲ್ಲಿ ಮರು ಆಯ್ಕೆಯಾದದ್ದು, 2021ರಲ್ಲಿ ಕೇಂದ್ರದ ರಾಜ್ಯ ಸಚಿವರಾದದ್ದು, 2024ರಲ್ಲಿ ತಿರುವನಂತಪುರದ ಲೋಕಸಭಾ ಕಣದಲ್ಲಿ ಸೋತದ್ದು, ಎಲ್ಲವೂ ದಿನಾಂಕದ ಕ್ರಮದಲ್ಲಿವೆ. ನನಗೆ ಅತ್ಯಂತ ಉಪಯುಕ್ತವೆನಿಸಿದ್ದು, ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವೆಂದಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನ ತುಣುಕುಗಳು. ಅದನ್ನು ಪ್ರಶ್ನಿಸಿದ ಅರ್ಜಿದಾರರಲ್ಲಿ ಇವರೂ ಒಬ್ಬರು. 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನು ರದ್ದುಪಡಿಸಿತು. ದೂರಸಂಪರ್ಕ ಉದ್ಯಮವನ್ನು ಒಳಗಿನಿಂದ ಬಲ್ಲವರು ಸಂಸತ್ತಿಗೆ ಹೋದರೆ ಯಾವ ವಿಷಯಗಳನ್ನು ಎತ್ತಿಕೊಳ್ಳುತ್ತಾರೆ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಒಂದು ಕೊರತೆಯನ್ನು ಹೇಳಲೇಬೇಕು. ಸೂಚಿಪಟ್ಟಿಯಲ್ಲಿ ಲೋಕಸಭೆ ಮತ್ತು ರಾಜ್ಯಸಭೆ ಸದಸ್ಯರನ್ನು ಒಟ್ಟಿಗೆ ಸೇರಿಸಿದ್ದಾರೆ. ರಾಜ್ಯಸಭೆಗೆ ಮತ ಹಾಕುವವರು ನಾವಲ್ಲ, ನಮ್ಮ ಜಿಲ್ಲೆಯ ಏಳು ಮಂದಿಯೂ ಸೇರಿದಂತೆ ರಾಜ್ಯದ ಶಾಸಕರು. ಈ ವ್ಯತ್ಯಾಸ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಮೊದಲು ತಿಳಿಯಬೇಕು. ಮೇಜಿನ ಬಳಿಯಿದ್ದ ಅಮ್ಮನವರಿಗೆ ಇದನ್ನು ತಿಳಿಸಿದಾಗ, "ಬರೆದು ಕೊಡ್ರಿ ಸರ್, ತಿದ್ದಿಸ್ತೀನಿ" ಎಂದು ಆಗಲೇ ಹಾಳೆಯೊಂದನ್ನು ಮುಂದಿಟ್ಟರು.