ಎರಡು ವರ್ಷದ ವೈಫೈ ಕ್ಯಾಮೆರಾ, ಹತ್ತು ಆರತಿ

"ಸಂಪರ್ಕ ವಿಫಲವಾಗಿದೆ, ಮತ್ತೊಮ್ಮೆ ಪ್ರಯತ್ನಿಸಿ." ಈ ಒಂದು ಸಾಲಿಗೆ ನಾನು ದೀಪಾವಳಿ ರಜೆಯ ಅರ್ಧ ದಿನ ತೆತ್ತಿದ್ದೇನೆ.

ಶಿರಸಿ ಬಳಿಯ ನಮ್ಮ ಮನೆಗೆ ಎರಡು ವರ್ಷದ ಹಿಂದೆ ಎರಡು ಕ್ಯಾಮೆರಾ ಹಾಕಿದೆ. ಒಂದು ಜಗಲಿಯ ಕಂಬಕ್ಕೆ, ಇನ್ನೊಂದು ಅಡಿಕೆ ಒಣಗಿಸುವ ಅಂಗಳದ ಕಡೆಗೆ. ಚಿತ್ರ ಎಷ್ಟು ಸ್ಪಷ್ಟ, ರಾತ್ರಿ ಹೇಗೆ ಕಾಣುತ್ತದೆ ಎಂಬುದೆಲ್ಲ ಡಬ್ಬಿಯ ಮೇಲೆಯೇ ಇದೆ, ಅದು ಸುಳ್ಳೇನಲ್ಲ. ದೃಶ್ಯಗಳನ್ನು ಕೂಡಿಡಲು ತಿಂಗಳ ಚಂದಾ ಕಟ್ಟುವ ಮನಸ್ಸಿಲ್ಲದೆ ಮೆಮೊರಿ ಕಾರ್ಡ್ ಹಾಕಿದ್ದೇನೆ, ಸಾಲುತ್ತದೆ. ಫೈಬರಿನವರು ಹಳೆಯ ರೂಟರ್ ತೆಗೆದು ಹೊಸದನ್ನು ಕೂರಿಸಿ ಹೋದ ದಿನ ಎರಡೂ ಕಣ್ಣು ಮುಚ್ಚಿದವು.

ಜಗಲಿಯದನ್ನು ಇಳಿಸಿ, ಪಿನ್ನಿನಿಂದ ರಿಸೆಟ್ ಗುಂಡಿ ಒತ್ತಿ ಹಿಡಿದು, ಮೊದಲಿನಿಂದ ಶುರುಮಾಡಿದೆ. ಆ್ಯಪ್ ತೋರಿಸುವ ಕ್ಯೂಆರ್ ಕೋಡನ್ನು ಕ್ಯಾಮೆರಾದ ಎದುರು ಗೇಣು ದೂರದಲ್ಲಿ ಹಿಡಿಯಬೇಕು. ಹತ್ತಿರ ತಂದೆ, ದೂರ ಒಯ್ದೆ, ಓರೆ ಮಾಡಿದೆ. ಅಡುಗೆಮನೆಯ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದ ಆಯಿ ಕೇಳಿದಳು: "ತಮಾ, ಮಂಗಳಾರತಿ ಮುಗಿಯಿತೋ, ಇನ್ನೂ ಇದೆಯೋ?"

ಪ್ರತಿ ಸಲವೂ ಕ್ಯಾಮೆರಾ 'ಟುಂಯ್' ಎನ್ನುತ್ತಿತ್ತು. ಅದರ ಅರ್ಥ ಹೊಳೆದದ್ದು ಒಂಬತ್ತನೆಯ ಆರತಿಯ ನಂತರ. ಕೋಡನ್ನು ಅದು ಓದಿಕೊಂಡಿದೆ. ಅದರೊಳಗಿನ ವೈಫೈ ಹೆಸರು, ಪಾಸ್‌ವರ್ಡ್ ಎರಡೂ ತಲುಪಿವೆ. ಎಡವುತ್ತಿರುವುದು ರೂಟರಿನ ಹೊಸ್ತಿಲಲ್ಲಿ. ವೈಫೈ ತರಂಗಗಳ ಬ್ಯಾಂಡ್‌ಗಳಲ್ಲಿ ನಮ್ಮ ಕ್ಯಾಮೆರಾಕ್ಕೆ ಗೊತ್ತಿರುವುದು 2.4 ಗಿಗಾಹರ್ಟ್ಸ್ ಮಾತ್ರ. ಹೊಸ ರೂಟರ್ 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತಿತ್ತು. ಸಾಲದ್ದಕ್ಕೆ ಭದ್ರತೆಯನ್ನು ಡಬ್ಲ್ಯುಪಿಎ3 ಎಂಬ ಹೊಸ ಬಗೆಯ ವೈಫೈ ಬೀಗಕ್ಕೆ ಇಟ್ಟಿದ್ದರು. ಆ ಬೀಗಕ್ಕೆ ಇದರ ಬಳಿ ಕೀಲಿಯಿಲ್ಲ.

ರೂಟರಿನ ಬೆನ್ನಿಗೆ ಅಂಟಿಸಿದ್ದ ವಿಳಾಸವನ್ನು ಮೊಬೈಲಿನಲ್ಲಿ ತೆರೆದು ಎರಡು ಬ್ಯಾಂಡ್‌ಗಳನ್ನು ಬೇರೆ ಮಾಡಿದೆ, 2.4ರದ್ದನ್ನು ಡಬ್ಲ್ಯುಪಿಎ2ಕ್ಕೆ ಇಳಿಸಿದೆ. ಹೊಸ ಹೆಸರು ಯೋಚಿಸಲು ಸೋಮಾರಿತನವಾಗಿ ಹಳೆಯ ರೂಟರಿನ ಹೆಸರು, ಪಾಸ್‌ವರ್ಡುಗಳನ್ನೇ ಹಾಕಿದೆ. ಹತ್ತನೆಯ ಆರತಿಗೆ ಕೈ ಎತ್ತುವಷ್ಟರಲ್ಲಿ ಮೊಬೈಲ್ ಟಿಣ್ ಎಂದಿತು: ಅಂಗಳದಲ್ಲಿ ಚಲನೆ! ನಾನು ಮುಟ್ಟದೇ ಬಿಟ್ಟಿದ್ದ ಎರಡನೆಯ ಕ್ಯಾಮೆರಾ ಹಳೆಯ ಹೆಸರು ಕಂಡು ತಾನೇ ಎದ್ದು ಕುಳಿತಿತ್ತು. ಅಂದರೆ ರಿಸೆಟ್ ಮಾಡುವ ಅಗತ್ಯವೇ ಇರಲಿಲ್ಲ. ಇದನ್ನು ಆ್ಯಪ್ ಒಂದು ಸಾಲಿನಲ್ಲಿ ಹೇಳಿದ್ದರೆ ಅದರ ಗಂಟೇನು ಹೋಗುತ್ತಿತ್ತು? ಸಹಾಯವಾಣಿಯವರಂತೂ ಮೊಬೈಲನ್ನು ಆರಿಸಿ ಹೊತ್ತಿಸಿ ಎಂದು ಮೂರು ಸಲ ಹೇಳಿ ಫೋನ್ ಇಟ್ಟಿದ್ದರು.

ಇಷ್ಟು ಬೈದರೂ ಕಿತ್ತು ಬಿಸಾಡಲು ಮನಸ್ಸಿಲ್ಲ. ತಂದದ್ದು ಮಂಗಗಳ ಮೇಲೆ ಕಣ್ಣಿಡಲು. ಅವು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆದರೆ ಬೆಳಿಗ್ಗೆ ಆರೂವರೆಗೆ ಬೆಂಗಳೂರಿನಲ್ಲಿ ಚಹಾಕ್ಕೆ ನೀರಿಟ್ಟು ಆ್ಯಪ್ ತೆರೆಯುತ್ತೇನೆ. ಆಯಿ ಬಾಗಿಲೆದುರು ನೀರು ಚಿಮುಕಿಸಿ, ರಂಗೋಲಿ ಎಳೆದು, ಬೆರಳಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಕಂಬದತ್ತ ಮುಖ ಎತ್ತುತ್ತಾಳೆ. "ಎದ್ದೆಯಾ?" ನಾನು ಕ್ಯಾಮೆರಾದ ಮೂಲಕ ಹೂಂ ಎಂದೊಡನೆ ಜಗಲಿಯ ಮೇಲೆ ಮಲಗಿದ್ದ ಬೆಕ್ಕು ಛಂಗನೆ ಹಾರಿ ಓಡುತ್ತದೆ. ಎರಡು ವರ್ಷವಾದರೂ ಅದಕ್ಕೆ ನನ್ನ ದನಿ ಒಗ್ಗಿಲ್ಲ.

ಐದರಲ್ಲಿ ಮೂರು ನಕ್ಷತ್ರ. ಕಳೆದ ಎರಡನ್ನೂ ಆ್ಯಪ್‌ನ ಲೆಕ್ಕಕ್ಕೆ ಬರೆದುಕೊಳ್ಳಿ.